ಹೊಲಿಗೆ ಪ್ರಶ್ನೋತ್ತರ: ಹಿಗ್ಗುವ ಜೇಬು ಜೋತು ಬೀಳದಿರಲು

ಚೀಲದ ಹಿಡಿಕೆಗಳ ಬಗ್ಗೆ ಕಳೆದ ಸಂಚಿಕೆಯಲ್ಲಿ ಬರೆದ ಮೇಲೆ ಬಂದ ಪತ್ರಗಳಲ್ಲಿ ಹೆಚ್ಚಿನವು ಜೇಬಿನ ಕುರಿತಾಗಿವೆ. ಖಾಲಿ ಇದ್ದಾಗ ಚೀಲಕ್ಕೆ ಅಂಟಿಕೊಂಡಂತೆ ಮಟ್ಟಸವಾಗಿರಬೇಕು, ಸಾಮಾನು ಹಾಕಿದಾಗ ಹಿಗ್ಗಬೇಕು, ತೆಗೆದ ಮೇಲೆ ಮತ್ತೆ ತನ್ನ ಜಾಗಕ್ಕೆ ಮರಳಬೇಕು. ಅಂಥ ಜೇಬನ್ನು ಹೊಲಿಯುವುದು ಹೇಗೆ ಎಂದು ಕೊಡಗಿನ ನಾಲ್ಕೈದು ಊರುಗಳಿಂದ ಓದುಗರು ಕೇಳಿದ್ದಾರೆ. ಈ ಸಲದ ಅಂಕಣವನ್ನು ಪೂರ್ತಿಯಾಗಿ ಅದಕ್ಕೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ನಮ್ಮ ಸ್ವಸಹಾಯ ಸಂಘದ ಐದು ಮಂದಿ ಸೇರಿ ದಪ್ಪ ಹತ್ತಿ ಬಟ್ಟೆಯ ಚೀಲಗಳನ್ನು ಹೊಲಿದು ಹೋಂಸ್ಟೇಗಳಿಗೆ ಕೊಡುತ್ತಿದ್ದೇವೆ. ಮುಂದಿನ ಜೇಬಿನ ನಡುವೆ ಒಂದು ಬಾಕ್ಸ್ ಪ್ಲೀಟ್, ಅಂದರೆ ಎಡಕ್ಕೊಂದು ಬಲಕ್ಕೊಂದು ಮಡಿಸಿದ ಜೋಡಿ ನೆರಿಗೆ, ಇಡುತ್ತೇವೆ. ಹೊಸದರಲ್ಲಿ ಬಹಳ ಚೆನ್ನಾಗಿ ಕಾಣುತ್ತದೆ. ಆದರೆ ಒಂದೆರಡು ತಿಂಗಳು ಬಳಸಿದ ಮೇಲೆ ಜೇಬಿನ ಬಾಯಿ ಬಿಟ್ಟುಕೊಂಡು ಮುಂದಕ್ಕೆ ಜೋತು ಬೀಳುತ್ತದೆ, ಪ್ಲೀಟ್ ಮತ್ತೆ ಮುಚ್ಚಿಕೊಳ್ಳುವುದೇ ಇಲ್ಲ. ಏನು ತಪ್ಪಾಗುತ್ತಿದೆ, ಅಕ್ಕಾ?
(ಓದುಗರೊಬ್ಬರು, ಗೋಣಿಕೊಪ್ಪ)

ಉತ್ತರ: ನೀವು ಬಟ್ಟೆಯನ್ನು ಸರಿಯಾಗಿಯೇ ಮಡಿಸಿದ್ದೀರಿ, ಆದರೆ ಆ ಮಡಿಕೆಯನ್ನು ಬಾಯಿಯವರೆಗೂ ಬಿಚ್ಚಿಕೊಳ್ಳಲು ಬಿಟ್ಟಿದ್ದೀರಿ ಎಂದು ನನಗೆ ಅನಿಸುತ್ತದೆ. ಹಿಗ್ಗುವ ಜೇಬಿನಲ್ಲಿ ಹಿಗ್ಗಬೇಕಾದದ್ದು ಹೊಟ್ಟೆ, ಬಾಯಿಯಲ್ಲ. ಬಾಯಿಯ ಅಂಚು ಒಮ್ಮೆ ಹಿಗ್ಗಿ ಅಭ್ಯಾಸವಾದರೆ, ಅಲ್ಲಿ ಅದನ್ನು ಹಿಂದಕ್ಕೆ ಎಳೆಯುವಂಥದ್ದು ಏನೂ ಇರುವುದಿಲ್ಲವಾದ್ದರಿಂದ, ಎಷ್ಟು ಇಸ್ತ್ರಿ ಹಾಕಿದರೂ ಅದು ಸರಿಹೋಗುವುದಿಲ್ಲ.

ನಮ್ಮ ಕೊಡಗಿನಲ್ಲಿ ಸೈನ್ಯದಲ್ಲಿ ಕೆಲಸ ಮಾಡಿದವರು ಇಲ್ಲದ ಮನೆತನ ವಿರಳ. ನಿಮ್ಮ ಮನೆಯಲ್ಲೋ ನೆರೆಮನೆಯಲ್ಲೋ ಹಳೆಯ ಸಮವಸ್ತ್ರದ ಅಂಗಿಯೊಂದು ಇದ್ದರೆ ಅದನ್ನು ಬೆಳಕಿಗೆ ಹಿಡಿದು ಎದೆಯ ಜೇಬನ್ನು ನೋಡಿ. ಅದರ ನಡುವೆಯೂ ನಿಮ್ಮದರಂತೆಯೇ ಪ್ಲೀಟ್ ಇರುತ್ತದೆ. ಆದರೆ ಆ ಪ್ಲೀಟ್ ಮೇಲೆ ಬಾಯಿಯ ಪಟ್ಟಿಯೊಳಗೂ ಕೆಳಗೆ ತಳದ ಹೊಲಿಗೆಯೊಳಗೂ ಸಿಕ್ಕಿಕೊಂಡಿರುತ್ತದೆ. ಬಿಚ್ಚಿಕೊಳ್ಳಲು ಅದಕ್ಕೆ ಅವಕಾಶವಿರುವುದು ನಡುಭಾಗದಲ್ಲಿ ಮಾತ್ರ. ಮೇಲೆ ಗುಂಡಿ ಹಾಕುವ ಮುಚ್ಚಳ ಬೇರೆ ಇರುತ್ತದೆ. ಅದಕ್ಕೇ ವರ್ಷಗಟ್ಟಲೆ ಒಗೆದ ಮೇಲೂ ಆ ಜೇಬು ಮಟ್ಟಸವಾಗಿ ಕುಳಿತಿರುತ್ತದೆ.

ಈಗಾಗಲೇ ಹೊಲಿದಿಟ್ಟ ಚೀಲಗಳಿಗೆ ಸುಲಭವಾದ ಉಪಾಯವಿದೆ. ಪ್ಲೀಟಿನ ಎರಡು ಮಡಿಕೆಗಳನ್ನು ಬಾಯಿಯಿಂದ ಕೆಳಕ್ಕೆ 1½ ಇಂಚಿನವರೆಗೆ ಜೇಬಿನ ಪದರಗಳಿಗೆ ಮಾತ್ರ ಸೇರಿಸಿ ಹೊಲಿದು ಮುಚ್ಚಿ, ಹೊಲಿಗೆ ಮುಗಿಯುವಲ್ಲಿ ಅಡ್ಡಕ್ಕೆ ನಾಲ್ಕೈದು ಬಾರಿ ಹಿಂದೆ ಮುಂದೆ ಓಡಿಸಿ ಗಟ್ಟಿ ಮಾಡಿ. ಹೊಸ ಚೀಲಗಳಿಗಾದರೆ ಬಾಕ್ಸ್ ಪ್ಲೀಟನ್ನು ಬಿಟ್ಟು, ಬದಿಯಲ್ಲಿ ಪಟ್ಟಿ ಕೊಟ್ಟು ಹೊಲಿಯುವ ಜೇಬನ್ನು ಕಲಿತುಕೊಳ್ಳಿ ಎಂದು ಒತ್ತಾಯಿಸಿ ಹೇಳುತ್ತೇನೆ. ಕಮ್ಮಾರನ ತಿದಿಯ ಹಾಗೆ ಮಡಿಕೆ ಬಿಚ್ಚಿ ಹಿಗ್ಗಿ ಮತ್ತೆ ಮಡಿಕೆಗೆ ಮರಳುವುದರಿಂದ ನಾನು ಇದನ್ನು ತಿದಿ ಜೇಬು ಎಂದೇ ಕರೆಯುತ್ತೇನೆ. ಬಾಕ್ಸ್ ಪ್ಲೀಟಿನಲ್ಲಿ ಮುಂಭಾಗದ ನಡುವೆ ಮಾತ್ರ ಉಬ್ಬು ಬರುತ್ತದೆ. ಇದರಲ್ಲಿ ಮುಂಭಾಗದ ತುಂಡು ಹಾಗೆಯೇ ಸಪಾಟಾಗಿ ಉಳಿದು, ಪೆಟ್ಟಿಗೆಯ ಮುಚ್ಚಳ ಮೇಲೇಳುವಂತೆ ಇಡಿಯಾಗಿ ಮುಂದಕ್ಕೆ ಬರುತ್ತದೆ. ಹಾಗಾಗಿ ಮುಂಭಾಗದ ಮೇಲೆ ಕಸೂತಿ ಅಥವಾ ಅಚ್ಚಿನ ಕೆಲಸ ಮಾಡಿದ್ದರೆ ಅದೂ ಕೆಡುವುದಿಲ್ಲ.

7 ಇಂಚು ಅಗಲ, 8 ಇಂಚು ಎತ್ತರ, 1½ ಇಂಚು ಹಿಗ್ಗುವ ಜೇಬಿನ ಲೆಕ್ಕ ಹೀಗಿದೆ. ಎಲ್ಲ ಕಡೆ ಅರ್ಧ ಇಂಚು ಮಾರ್ಜಿನ್ (ಹೊಲಿಗೆಗೆಂದು ಹೆಚ್ಚಿಗೆ ಬಿಡುವ ಅಂಚು) ಎಂದು ಇಟ್ಟುಕೊಳ್ಳಿ. ಮುಂಭಾಗದ ತುಂಡಿನ ಅಗಲ 8 ಇಂಚು. ಎತ್ತರಕ್ಕೆ ಕೆಳಗಿನ ಮಾರ್ಜಿನ್ ಅರ್ಧ ಇಂಚು ಮತ್ತು ಬಾಯಿಯ ಮಡಿಕೆಗೆ 1½ ಇಂಚು ಸೇರಿ ಒಟ್ಟು 10 ಇಂಚು. ಬದಿಯ ಪಟ್ಟಿ ಒಂದು ಪಕ್ಕ ಇಳಿದು, ತಳ ಸುತ್ತಿ, ಇನ್ನೊಂದು ಪಕ್ಕ ಏರಬೇಕಾದ್ದರಿಂದ 8, 7, 8 ಸೇರಿ 23 ಇಂಚು, ಎರಡು ತುದಿಗಳ ಮಡಿಕೆಗೆ ಒಂದೊಂದು ಇಂಚು ಸೇರಿಸಿ 25 ಇಂಚು ಉದ್ದ. ಅಗಲ 2½ ಇಂಚು. ಈ ಪಟ್ಟಿಯನ್ನು ಚೀಲದ ದಪ್ಪ ಬಟ್ಟೆಯಲ್ಲೇ ಕತ್ತರಿಸಬೇಡಿ. ಅದೇ ಬಣ್ಣದ ತೆಳುವಾದ, ಒತ್ತು ನೇಯ್ಗೆಯ ಹತ್ತಿ ಬಟ್ಟೆ ಸಾಕು. ದಪ್ಪ ಬಟ್ಟೆಯನ್ನು ಮಡಿಸಿದರೆ ಅದು ಮಡಿಕೆಯಲ್ಲಿ ನಿಲ್ಲುವುದಿಲ್ಲ, ಮೂಲೆಯಲ್ಲಿ ಪದರಗಳು ಸೇರಿ ಸೂಜಿಯೂ ಮುರಿಯುತ್ತದೆ.

ಪಟ್ಟಿಯ ಎರಡು ತುದಿಗಳನ್ನು ಮಡಿಸಿ ಹೊಲಿದ ನಂತರ, ಒಳಮೈ ಒಳಕ್ಕೆ ಬರುವ ಹಾಗಲ್ಲ, ಹೊರಮೈ ಒಳಕ್ಕೆ ಬರುವ ಹಾಗೆ ಉದ್ದಕ್ಕೆ ಸರಿಯಾಗಿ ಅರ್ಧಕ್ಕೆ ಮಡಿಸಿ ಇಸ್ತ್ರಿ ಹಾಕಿ. ಆ ಮಡಿಕೆಯ ಅಂಚಿಗೆ ತೀರ ಹತ್ತಿರದಲ್ಲಿ, ಒಂದು ಇಂಚಿನ ಎಂಟನೇ ಒಂದು ಭಾಗದಷ್ಟು ಒಳಗೆ, ಒಂದು ಸಾಲು ಹೊಲಿಗೆ ಹಾಕಿದರೆ ಆ ಮಡಿಕೆ ಎಷ್ಟು ಒಗೆದರೂ ಮರೆಯಾಗುವುದಿಲ್ಲ. ಈ ಹೊಲಿಗೆಯನ್ನು ಮಾತ್ರ ಎರಡು ಮೂಲೆಗಳು ಬರುವ ಜಾಗದಲ್ಲಿ, ಆಚೆ ಈಚೆ ಒಂದೊಂದು ಇಂಚು, ಹಾಕದೆ ಬಿಡಬೇಕು. ಜೇಬು ಮುಚ್ಚಿಕೊಂಡಾಗ ನಡುವಿನ ಮಡಿಕೆ ಒಳಕ್ಕೆ ಸರಿದು ಅದರ ಸುತ್ತಳತೆ ಕಡಿಮೆಯಾಗುತ್ತದೆ. ಉಳಿದ ಬಟ್ಟೆ ಮೂಲೆಯಲ್ಲಿ ಪುಟ್ಟ ನೆರಿಗೆಯಾಗಿ ತಾನೇ ಕೂರಬೇಕು. ಅಲ್ಲಿಯೂ ಹೊಲಿಗೆ ಇದ್ದರೆ ಮೂಲೆ ಸೆಟೆದುಕೊಂಡು ನಿಲ್ಲುತ್ತದೆ. ನನ್ನ ಮೊದಲ ಏಳೆಂಟು ಜೇಬುಗಳ ಮೂಲೆಗಳು ಕೆಟ್ಟದ್ದು ಈ ಒಂದೇ ಕಾರಣಕ್ಕೆ.

ಮುಂಭಾಗದ ತುಂಡಿಗೆ ಬಾಯಿಯ ಮಡಿಕೆ ಹೊಲಿದಾದ ಮೇಲೆ, ಪಟ್ಟಿಯನ್ನು ಅದಕ್ಕೆ ಹೊರಮೈಗೆ ಹೊರಮೈ ತಾಗುವಂತೆ ಇಟ್ಟು ಮೇಲಿನಿಂದ ಹೊಲಿಯುತ್ತಾ ಬನ್ನಿ. ಕೆಳಗಿನ ಅಂಚಿಗೆ ಅರ್ಧ ಇಂಚು ಇರುವಾಗ ಸೂಜಿಯನ್ನು ಬಟ್ಟೆಯೊಳಗೆ ಇಳಿಸಿ ನಿಲ್ಲಿಸಿ, ಬಟ್ಟೆಯನ್ನು ಒತ್ತಿ ಹಿಡಿಯುವ ಫೂಟ್ ಎತ್ತಿ. ಈಗ ಪಟ್ಟಿಯ ಮಾರ್ಜಿನ್ನಿಗೆ ಮಾತ್ರ, ಸೂಜಿಯ ಕಡೆಗೆ ಓರೆಯಾಗಿ, ಒಂದೇ ಒಂದು ಕತ್ತರಿ ಹಾಕಿ. ಕತ್ತರಿಯ ತುದಿ ಸೂಜಿಗಿಂತ ಒಂದೆರಡು ಎಳೆ ಈಚೆಗೇ ನಿಲ್ಲಬೇಕು. ದಾಟಿದರೆ ಮೂಲೆಯಲ್ಲಿ ತೂತು, ತೀರ ಮೊದಲೇ ನಿಂತರೆ ಮೂಲೆಯಲ್ಲಿ ಸುಕ್ಕು. ಕತ್ತರಿ ಬಿದ್ದ ಕೂಡಲೇ ಬಿಗಿಯಾಗಿದ್ದ ಪಟ್ಟಿ ಬಾಯಿ ತೆರೆದು ತಳದ ಕಡೆಗೆ ಸಲೀಸಾಗಿ ತಿರುಗುವುದು ನಿಮ್ಮ ಬೆರಳಿಗೇ ತಿಳಿಯುತ್ತದೆ. ಬಟ್ಟೆಯನ್ನು ತಿರುಗಿಸಿ, ಫೂಟ್ ಇಳಿಸಿ, ಮುಂದುವರಿಯಿರಿ. ಎಳೆ ಬಿಡುವ ಬಟ್ಟೆಯಾದರೆ ಕತ್ತರಿ ಹಾಕುವ ಮೊದಲೇ ಆ ಜಾಗದಲ್ಲಿ ಒಂದು ಇಂಚಿನಷ್ಟು ಸಣ್ಣ ಹೊಲಿಗೆ ಹಾಕಿಟ್ಟುಕೊಳ್ಳುವುದು ಕ್ಷೇಮ.

ಇದಾದ ಮೇಲೆ ಮಗುಚಿ, ಮುಂಭಾಗದ ಮೂರು ಅಂಚುಗಳನ್ನೂ ಚಿವುಟಿ ಹಿಡಿದು ಅಂಚಿನಗುಂಟ ಒಂದು ಹೊಲಿಗೆ ಹಾಕಿದರೆ ಜೇಬಿಗೆ ಚೌಕಟ್ಟಿನಂಥ ಬಿಗಿ ಬರುತ್ತದೆ. ಪಟ್ಟಿಯ ಇನ್ನೊಂದು ಅಂಚನ್ನು ಅರ್ಧ ಇಂಚು ಒಳಕ್ಕೆ ಮಡಿಸಿ, ಚೀಲದ ಮೇಲೆ ಸೀಮೆಸುಣ್ಣದಿಂದ ಗುರುತು ಹಾಕಿದ 7 ಇಂಚು ಅಗಲ, 8 ಇಂಚು ಎತ್ತರದ ಗೆರೆಯ ಮೇಲೆ ಕೂರಿಸಿ ಹೊಲಿಯಿರಿ. ಚೀಲದ ಎರಡು ಬದಿಗಳನ್ನು ಕೂಡಿಸುವ ಮೊದಲೇ, ಬಟ್ಟೆ ಇನ್ನೂ ಸಪಾಟಾಗಿರುವಾಗಲೇ ಈ ಕೆಲಸ ಮುಗಿಯಬೇಕು.

ಕಡೆಯದಾಗಿ ಬಾಯಿ. ಎರಡು ಮೇಲಿನ ಮೂಲೆಗಳಲ್ಲಿ ಪಟ್ಟಿಯನ್ನು ಮಡಿಕೆಗೆ ಮುಚ್ಚಿ, ಮುಂಭಾಗದ ಮೂಲೆಯನ್ನು ಚೀಲದ ಮೈಗೆ ಒತ್ತಿ ಹಿಡಿದು, ಎಲ್ಲ ಪದರಗಳನ್ನೂ ಸೇರಿಸಿ ಅರ್ಧ ಇಂಚಿನ ಪುಟ್ಟ ತ್ರಿಕೋನದ ಹೊಲಿಗೆ ಹಾಕಿ. ಈಗ ಬಾಯಿ 7 ಇಂಚಿಗೆ ಬಿಗಿಯಾಗಿ ನಿಂತು, ಅದರ ಕೆಳಗಿನದೆಲ್ಲ ಹಿಗ್ಗುತ್ತದೆ. ಕೈ ತೂರಿಸಲು ಇಕ್ಕಟ್ಟೆನಿಸುವಷ್ಟು ದಪ್ಪದ ಸಾಮಾನಿಗೆ, ಅಂದರೆ ದಪ್ಪ ಪುಸ್ತಕ ಅಥವಾ ಬುತ್ತಿಯ ಡಬ್ಬಿಗೆಂದೇ ಹೊಲಿಯುವ ಜೇಬಾದರೆ, ಈ ಮೂಲೆಯ ಹೊಲಿಗೆಯನ್ನು ಬಿಟ್ಟು ಅದರ ಬದಲಿಗೆ 7½ ಇಂಚು ಅಗಲದ ಮುಚ್ಚಳ ಕೊಡಿ. ಮುಚ್ಚಳದ ಟಿಚ್ ಬಟನ್ನಿಗೆ ಜೇಬಿನ ಮೇಲೆ ಎರಡು ಜೊತೆ ಜಾಗ ಮಾಡಿ: ಒಂದು ಖಾಲಿ ಜೇಬಿಗೆ, ಅದಕ್ಕಿಂತ 1½ ಇಂಚು ಮೇಲೆ ಇನ್ನೊಂದು ತುಂಬಿದ ಜೇಬಿಗೆ.

ಪ್ರಶ್ನೆ: ಬಾಕ್ಸ್ ಪ್ಲೀಟಿಗೆ ಎಷ್ಟು ಬಟ್ಟೆ ಹೆಚ್ಚಿಗೆ ಬಿಡಬೇಕೆಂಬ ಲೆಕ್ಕ ಪ್ರತಿ ಸಲವೂ ತಪ್ಪುತ್ತದೆ. ದಯವಿಟ್ಟು ತಿಳಿಸಿ.
(ಓದುಗರೊಬ್ಬರು, ಸೋಮವಾರಪೇಟೆ)

ಉತ್ತರ: ಒಂದು ಮಡಿಕೆ ಒಳಗೆ ಎಷ್ಟು ಆಳಕ್ಕೆ ಹೋಗುತ್ತದೆಯೋ ಅದರ ನಾಲ್ಕು ಪಟ್ಟು. ಎರಡು ಮಡಿಕೆಗಳು, ಪ್ರತಿಯೊಂದೂ ಹೋಗಿ ಬರುವುದು, ಹೀಗಾಗಿ ನಾಲ್ಕು. ಆಳ 1 ಇಂಚಾದರೆ 4 ಇಂಚು. 7 ಇಂಚಿನ ಜೇಬಿಗೆ 4 ಇಂಚು ಪ್ಲೀಟಿಗೆ, 1 ಇಂಚು ಎರಡು ಬದಿಯ ಮಾರ್ಜಿನ್ನಿಗೆ ಸೇರಿ 12 ಇಂಚು ಅಗಲ ಕತ್ತರಿಸಿ. ಹಳೆಯ ದಿನಪತ್ರಿಕೆಯ ಹಾಳೆಯನ್ನು ಮೊದಲು ಮಡಿಸಿ ನೋಡಿ, ಅದೇ ಹಾಳೆಯನ್ನು ಬಟ್ಟೆಯ ಮೇಲಿಟ್ಟು ಕತ್ತರಿಸಿದರೆ ಲೆಕ್ಕ ತಪ್ಪುವ ಭಯವೇ ಇರುವುದಿಲ್ಲ.

ಪ್ರಶ್ನೆ: ತುಲಾ ಸಂಕ್ರಮಣಕ್ಕೆ ತಲಕಾವೇರಿಗೆ ಬರುವವರಿಗಾಗಿ ಹೆಗಲ ಚೀಲ ಹೊಲಿಯುತ್ತಿದ್ದೇನೆ. ತೀರ್ಥ ತುಂಬಿಸಿಕೊಂಡು ಹೋಗುವ ಬಾಟಲಿಗೆ ಹೊರಬದಿಯಲ್ಲಿ ಒಂದು ಜೇಬು ಬೇಕು. ಬಾಟಲಿಯ ಸುತ್ತಳತೆ ತೆಗೆದುಕೊಂಡು ಹೊಲಿದರೆ ಸಡಿಲವಾಗುತ್ತದೆ, ಅದರ ಅರ್ಧ ತೆಗೆದುಕೊಂಡರೆ ಬಾಟಲಿ ಒಳಗೆ ಹೋಗುವುದೇ ಇಲ್ಲ.
(ಓದುಗರೊಬ್ಬರು, ಭಾಗಮಂಡಲ)

ಉತ್ತರ: ನಿಮ್ಮ ಎರಡು ಪ್ರಯತ್ನಗಳ ನಡುವೆಯೇ ಸರಿಯಾದ ಅಳತೆ ಇದೆ. ಬಾಟಲಿಯ ಬೆನ್ನು ಚೀಲದ ಮೈಗೆ ತಾಗಿ ನಿಂತಾಗ, ಜೇಬಿನ ಬಟ್ಟೆ ಒಂದು ಪಕ್ಕದಲ್ಲಿ ಬಾಟಲಿಯ ವ್ಯಾಸದ ಅರ್ಧದಷ್ಟು ನೇರವಾಗಿ ಮುಂದಕ್ಕೆ ಬಂದು, ಅರ್ಧ ಸುತ್ತನ್ನು ಬಳಸಿ, ಇನ್ನೊಂದು ಪಕ್ಕದಲ್ಲಿ ಮತ್ತೆ ಅಷ್ಟೇ ಹಿಂದಕ್ಕೆ ಹೋಗಬೇಕು. ಕೂಡಿಸಿದರೆ ವ್ಯಾಸದ ಸುಮಾರು 2.57 ಪಟ್ಟು ಬರುತ್ತದೆ. 3 ಇಂಚು ವ್ಯಾಸದ ಬಾಟಲಿಗೆ ಅದು 7¾ ಇಂಚು. ಬಾಟಲಿ ಸಲೀಸಾಗಿ ಇಳಿಯಲು ಅರ್ಧ ಇಂಚು, ಮಾರ್ಜಿನ್ನಿಗೆ 1 ಇಂಚು ಸೇರಿಸಿ 9¼ ಇಂಚು ಅಗಲ ಕತ್ತರಿಸಿ. ಇದನ್ನು ಚೀಲದ ಮೇಲೆ 3 ಇಂಚು ಅಂತರದ ಎರಡು ಗೆರೆಗಳಿಗೆ ಹೊಲಿಯಬೇಕು. ತಳದಲ್ಲಿ ಉಳಿಯುವ ಹೆಚ್ಚಿನ ಬಟ್ಟೆಯನ್ನು ಎರಡು ಮೂಲೆಗಳಲ್ಲಿ ಸಮನಾಗಿ ನೆರಿಗೆ ಹಿಡಿದು ಸೇರಿಸಿ. ತಳವೂ ಬಾಟಲಿಯ ಅಡಿಗೆ ಬಳಸಿ ಬರಬೇಕಾದ್ದರಿಂದ ಎತ್ತರದಲ್ಲಿ ನಾನು ವ್ಯಾಸದ ಅರ್ಧದಷ್ಟನ್ನು ಹೆಚ್ಚಿಗೆ ಬಿಡುತ್ತೇನೆ.

ಇಲ್ಲಿಯೂ ಬಾಯಿಯೇ ಮುಖ್ಯ. ಬಾಯಿಯ ಮಡಿಕೆಯೊಳಗೆ ಮುಕ್ಕಾಲು ಇಂಚು ಅಗಲದ ಎಲಾಸ್ಟಿಕ್ಕನ್ನು ಸುಮಾರು 5½ ಇಂಚು ಉದ್ದಕ್ಕೆ ಕತ್ತರಿಸಿ ತೂರಿಸಿ, ಎರಡು ತುದಿಗಳನ್ನೂ ಬದಿಯ ಹೊಲಿಗೆಯಲ್ಲಿ ಗಟ್ಟಿಯಾಗಿ ಹಿಡಿಯಿರಿ. ಬಾಟಲಿ ಇಲ್ಲದಾಗ ಅದು ಬಟ್ಟೆಯನ್ನು ಸೆಳೆದುಕೊಂಡು ಚೀಲದ ಹತ್ತಿರಕ್ಕೆ ತರುತ್ತದೆ. ಒಂದು ಲೀಟರ್ ನೀರೆಂದರೆ ಒಂದು ಕಿಲೋ ತೂಕ, ಸ್ಟೀಲ್ ಬಾಟಲಿಯಾದರೆ ಅದರ ತೂಕ ಬೇರೆ. ಈ ಭಾರವನ್ನು ಚೀಲದ ಒಂದೇ ಪದರ ಹೊರಬಾರದು. ಜೇಬು ಕೂರುವ ಜಾಗದ ಒಳಗಡೆ ನಾಲ್ಕೂ ಕಡೆ ಒಂದು ಇಂಚು ದೊಡ್ಡದಾದ ದಪ್ಪ ಬಟ್ಟೆಯ ತುಂಡೊಂದನ್ನು ಮೊದಲೇ ಹೊಲಿದಿಡಿ. ಹೆಗಲ ಪಟ್ಟಿ ಚೀಲಕ್ಕೆ ಸೇರುವ ಜಾಗದ ನೇರ ಕೆಳಗೆ ಜೇಬು ಬಂದರೆ ಭಾರ ಪಟ್ಟಿಗೇ ಹೋಗುತ್ತದೆ. ಪಕ್ಕಕ್ಕೆ ಸರಿದರೆ ಬೆಟ್ಟದ ಮೆಟ್ಟಿಲು ಹತ್ತುವಾಗ ಚೀಲ ಆ ಕಡೆಗೇ ವಾಲುತ್ತದೆ. ಜೇಬಿನ ತಳದ ನಡುವೆ ಒಂದು ಹಿತ್ತಾಳೆಯ ಕಣ್ಣು (ತೂತಿನ ಸುತ್ತ ಕೂರಿಸುವ ಪುಟ್ಟ ಬಳೆ) ಬಡಿಸಿಬಿಡಿ, ಬಿದ್ದ ನೀರು ನಿಲ್ಲದೆ ಇಳಿದುಹೋಗಲಿ.

ಪ್ರಶ್ನೆ: ಪ್ರಯಾಣದ ಸೂಟ್‌ಕೇಸಿನಲ್ಲಿರುವಂತೆ ಜಿಪ್ ಎಳೆದರೆ ಹಿಗ್ಗುವ ಜೇಬನ್ನು ಮನೆಯ ಮಷಿನ್ನಿನಲ್ಲಿ ಹೊಲಿಯಬಹುದೇ?
(ಓದುಗರೊಬ್ಬರು, ಕುಶಾಲನಗರ)

ಉತ್ತರ: ಹೊಲಿಯಬಹುದು. ಬದಿಯ ಪಟ್ಟಿಯನ್ನು ಅಗಲವಾಗಿ ಇಟ್ಟು, ಅದರ ಎರಡು ಅಂಚುಗಳ ಬಳಿ ಒಂದೇ ಜಿಪ್ಪಿನ ಎರಡು ಮಗ್ಗುಲುಗಳನ್ನು ಹೊಲಿಯುವುದೇ ಇದರ ಗುಟ್ಟು. ಜಿಪ್ ಮುಚ್ಚಿದಾಗ ನಡುವಿನ ಪಟ್ಟಿ ಒಳಕ್ಕೆ ಮಡಿಚಿಕೊಳ್ಳುತ್ತದೆ, ತೆರೆದಾಗ ಹೊರಬರುತ್ತದೆ. ಇದಕ್ಕೆ ನಂಬರ್ 5ರ ನೈಲಾನ್ ಜಿಪ್ ಬಳಸಿ. ಲೋಹದ ಹಲ್ಲಿನ ಜಿಪ್ ತಿರುವಿನಲ್ಲಿ ಬಾಗುವುದು ಕಷ್ಟ. ಮೂಲೆಗಳನ್ನು ಚೌಕವಾಗಿ ಇಡಬೇಡಿ, ಒಂದು ಟೀ ಲೋಟದ ಬಾಯಿಯನ್ನಿಟ್ಟು ಗುಂಡಗೆ ಗೆರೆ ಎಳೆಯಿರಿ. ತಿದಿ ಜೇಬನ್ನು ನಾಲ್ಕು ಸಲವಾದರೂ ಹೊಲಿದು ಕೈ ಕುದುರಿದ ಮೇಲೆ ಇದಕ್ಕೆ ಕೈ ಹಾಕುವುದು ಒಳ್ಳೆಯದು.

ಪ್ರಶ್ನೆ: ದಪ್ಪ ಬಟ್ಟೆಯ ಮೇಲೆ ಜೇಬು ಹೊಲಿಯುವಾಗ ನನ್ನ ಮನೆಯ ಮಷಿನ್ ಮೂಲೆಯಲ್ಲಿ ಹೊಲಿಗೆ ತಪ್ಪಿಸುತ್ತದೆ, ಸೂಜಿ ಮುರಿಯುತ್ತದೆ. ಅಂಗಡಿಯಲ್ಲಿ ಕ್ಯಾನ್ವಾಸ್ ಕೇಳಿದರೆ ಬೇರೆಯದನ್ನೇ ಕೊಡುತ್ತಾರೆ.
(ಓದುಗರೊಬ್ಬರು, ವಿರಾಜಪೇಟೆ)

ಉತ್ತರ: ದರ್ಜಿಗಳು ಕ್ಯಾನ್ವಾಸ್ ಎನ್ನುವುದು ಕಾಲರಿನ ಒಳಗೆ ಕೊಡುವ ಗಟ್ಟಿ ಬಟ್ಟೆಗೆ. ಗುಡಾರಕ್ಕೂ ಚೀಲಕ್ಕೂ ಬಳಸುವ ದಪ್ಪ ಹತ್ತಿ ಬಟ್ಟೆ ಬೇಕು ಎಂದು ಬಿಡಿಸಿ ಕೇಳಿ. ಸೂಜಿ 16ನೇ ನಂಬರಿನದು ಇರಲಿ, ಪದರ ಹೆಚ್ಚಿದಲ್ಲಿ 18. ಹೊಲಿಗೆಯ ಉದ್ದವನ್ನು 3 ಮಿಲಿಮೀಟರಿಗಿಂತ ಸ್ವಲ್ಪ ಹೆಚ್ಚಿಸಿ, ದಾರ ಪಾಲಿಯೆಸ್ಟರಿನದಾಗಿರಲಿ. ಮೂಲೆಯಲ್ಲಿ ಫೂಟ್ ದಿಣ್ಣೆ ಹತ್ತುವಾಗ ಮುಂದೆ ಎದ್ದು ಹಿಂದೆ ತಗ್ಗುವುದರಿಂದಲೇ ಹೊಲಿಗೆ ತಪ್ಪುವುದು; ಅದೇ ಬಟ್ಟೆಯ ತುಂಡೊಂದನ್ನು ಅಷ್ಟೇ ದಪ್ಪಕ್ಕೆ ಮಡಿಸಿ ಫೂಟಿನ ಹಿಂಭಾಗದ ಕೆಳಗೆ ಇಟ್ಟರೆ ಅದು ಮಟ್ಟವಾಗಿ ಸಾಗುತ್ತದೆ. ಅಂಥ ಎರಡು ಮೂರು ಪದರಗಳ ಮೇಲೆ ಚಕ್ರವನ್ನು ಕೈಯಿಂದಲೇ ತಿರುಗಿಸಿ ದಾಟಿಸಿ. ಹೊಲಿಯುವ ಮೊದಲು ಆ ಮೂಲೆಯನ್ನು ಹಲಗೆಯ ಮೇಲಿಟ್ಟು ಸುತ್ತಿಗೆಯಿಂದ ಮೆಲ್ಲಗೆ ನಾಲ್ಕು ಪೆಟ್ಟು ಕೊಟ್ಟರೂ ಬಹಳ ಅನುಕೂಲ.

ಪ್ರಶ್ನೆ: ಮಳೆಗಾಲದಲ್ಲಿ ಚೀಲಗಳನ್ನು ಕಪಾಟಿನಲ್ಲಿಟ್ಟರೆ ಜೇಬಿನ ಮಡಿಕೆಯೊಳಗೆ ಬೂಷ್ಟು ಹಿಡಿಯುತ್ತದೆ. ಒಗೆದರೆ ಜೇಬು ಸುಕ್ಕುಗಟ್ಟಿ ವಕ್ರವಾಗುತ್ತದೆ. ಏನು ಮಾಡಲಿ?
(ಓದುಗರೊಬ್ಬರು, ನಾಪೋಕ್ಲು)

ಉತ್ತರ: ಇವು ಎರಡು ಬೇರೆ ಬೇರೆ ತೊಂದರೆಗಳು. ಸುಕ್ಕುಗಟ್ಟುವುದಕ್ಕೆ ಕಾರಣ, ಒಗೆಯದ ಬಟ್ಟೆಯಲ್ಲಿ ಚೀಲ ಹೊಲಿದಿರುವುದು. ಚೀಲದ ದಪ್ಪ ಬಟ್ಟೆ ಒಂದು ಪ್ರಮಾಣದಲ್ಲಿ, ಬದಿಯ ತೆಳು ಪಟ್ಟಿ ಇನ್ನೊಂದು ಪ್ರಮಾಣದಲ್ಲಿ ಕುಗ್ಗಿದಾಗ ನಡುವಿನ ಹೊಲಿಗೆ ಎಳೆದುಕೊಳ್ಳುತ್ತದೆ. ಕೆಲವು ವರ್ಷಗಳ ಹಿಂದೆ ನಾನು ಮದುವೆಯ ಉಡುಗೊರೆಗೆಂದು ಇಪ್ಪತ್ತೈದು ಚೀಲಗಳನ್ನು ಹೊಲಿದುಕೊಟ್ಟಿದ್ದೆ. ಬಟ್ಟೆ ಕುಗ್ಗುವುದಿಲ್ಲವೆಂದು ಅಂಗಡಿಯವರು ಹೇಳಿದ ಮಾತನ್ನು ನಂಬಿ, ದಿನವೂ ಕಡಿಮೆ ಇದ್ದುದರಿಂದ ಒಗೆಯದೆ ಕತ್ತರಿಸಿಬಿಟ್ಟೆ. ಮೊದಲ ಸಲ ಒಗೆದಾಗಲೇ ಪ್ರತಿ ಜೇಬಿನ ಪಟ್ಟಿಯೂ ಕುಗ್ಗಿ, ಮುಂಭಾಗ ದೋಣಿಯಂತೆ ಬಾಗಿತು. ಇಪ್ಪತ್ತೈದನ್ನೂ ವಾಪಸು ತರಿಸಿ, ಪಟ್ಟಿ ಬಿಚ್ಚಿ, ಹೊಸದಾಗಿ ಹೊಲಿದುಕೊಟ್ಟೆ. ಆ ಮನೆಯವರ ಮುಖ ನೋಡಲು ಬಹಳ ದಿನ ಸಂಕೋಚವಾಗುತ್ತಿತ್ತು. ಅಂದಿನಿಂದ ಹೊರಬಟ್ಟೆ, ಪಟ್ಟಿ, ಲೈನಿಂಗ್, ಹಿಡಿಕೆಯ ನಿವಾರ್ ಎಲ್ಲವನ್ನೂ ಬಿಸಿನೀರಿನಲ್ಲಿ ರಾತ್ರಿಯಿಡೀ ನೆನೆಸಿ, ಒಣಗಿಸಿ, ಇಸ್ತ್ರಿ ಹಾಕಿದ ಮೇಲೆಯೇ ಕತ್ತರಿಗೆ ಕೈ ಹಾಕುತ್ತೇನೆ. ಮಾರ್ಚ್ ಏಪ್ರಿಲ್‌ನ ಬಿಸಿಲಿನಲ್ಲಿ ವರ್ಷಕ್ಕೆ ಬೇಕಾದ ಬಟ್ಟೆಯನ್ನೆಲ್ಲ ಹೀಗೆ ಮಾಡಿಟ್ಟುಕೊಂಡರೆ ಜೂನ್ ನಂತರ ಪರದಾಡಬೇಕಿಲ್ಲ.

ಬೂಷ್ಟಿನ ವಿಷಯಕ್ಕೆ ಬಂದರೆ, ನಾಪೋಕ್ಲಿನ ಮಳೆಯಲ್ಲಿ ಹತ್ತಿ ಬಟ್ಟೆ ಗಾಳಿಯ ತೇವವನ್ನು ಹೀರುವುದನ್ನು ಯಾರೂ ತಡೆಯಲಾರರು, ಆದರೆ ಆ ತೇವ ಮಡಿಕೆಯೊಳಗೆ ನಿಲ್ಲದಂತೆ ಮಾಡಬಹುದು. ಜೇಬಿಗೆ ಬಿಗಿ ಬರಲೆಂದು ಗಂಜಿ ಹಾಕುವ ಅಭ್ಯಾಸವಿದ್ದರೆ ಇಂದೇ ಬಿಡಿ, ಬೂಷ್ಟಿಗೆ ಗಂಜಿಯೇ ಆಹಾರ. ಬಿಗಿ ಬೇಕಾದಲ್ಲಿ ಬಾಯಿಯ ಮಡಿಕೆಯೊಳಗೆ ಮಾತ್ರ ಕಾಲರಿನ ಕ್ಯಾನ್ವಾಸಿನ ಪಟ್ಟಿಯೊಂದನ್ನು ಕೊಟ್ಟರೆ ಸಾಕು. ಬದಿಯ ಪಟ್ಟಿಗೆ ಹತ್ತಿಯ ಬದಲು ಕೊಡೆಯ ಬಟ್ಟೆಯಂಥ ನೈಲಾನ್ ಬಳಸುವುದೂ ಒಂದು ದಾರಿ. ಅದು ಬೇಗ ಒಣಗುತ್ತದೆ, ತೆಳುವಾಗಿ ಮಡಿಚಿಕೊಳ್ಳುತ್ತದೆ. ಆದರೆ ಅದಕ್ಕೆ ಹೆಚ್ಚು ಬಿಸಿಯ ಇಸ್ತ್ರಿ ತಾಗಿದರೆ ಕರಗುತ್ತದೆ, ಮೇಲೊಂದು ಹತ್ತಿ ಬಟ್ಟೆ ಹಾಸಿಯೇ ಇಸ್ತ್ರಿ ಹಾಕಬೇಕು.

ಈಗಾಗಲೇ ಬೂಷ್ಟು ಹಿಡಿದ ಚೀಲವನ್ನು ಮನೆಯ ಹೊರಗೆ ಒಯ್ದು ಒಣಗಿದ ಬ್ರಷ್‌ನಿಂದ ಉಜ್ಜಿ ಉದುರಿಸಿದ ಮೇಲೆ ಸೋಪಿನ ನೀರಿನಲ್ಲಿ ಒಗೆಯಿರಿ; ಒದ್ದೆ ಮಾಡಿ ಉಜ್ಜಿದರೆ ಕಲೆ ಎಳೆಯೊಳಗೆ ಇಳಿಯುತ್ತದೆ. ಒಣಗಿಸುವಾಗ ಜೇಬಿನೊಳಗೆ ಹಳೆಯ ದಿನಪತ್ರಿಕೆಯನ್ನು ಉಂಡೆ ಮಾಡಿ ತುಂಬಿ, ಪಟ್ಟಿಯ ಮಡಿಕೆ ಪೂರ್ತಿ ಬಿಚ್ಚಿಕೊಂಡಿರುವಂತೆ ನೋಡಿಕೊಂಡು, ಬಾಯಿ ಕೆಳಗಾಗಿ ನೇತುಹಾಕಿ. ಬೆಳಿಗ್ಗೆ ಕಾಗದ ತೇವವಾಗಿದ್ದರೆ ತೆಗೆದು ಬೇರೆಯದನ್ನು ತುಂಬಿ, ಮೂಲೆಯ ಪುಟ್ಟ ನೆರಿಗೆಗೆ ಬೆರಳು ಹಾಕಿ ಮುಟ್ಟಿನೋಡಿ. ಎಲ್ಲಕ್ಕಿಂತ ಕಡೆಗೆ ಒಣಗುವುದು ಅದೇ; ಅದು ಬೆಚ್ಚಗೆ, ಗರಿಯಾಗಿ ಸಿಕ್ಕಿದ ಮೇಲೆ ಚೀಲವನ್ನು ಮಡಿಸಿಡಿ.